ರಕ್ತ ಏರಿಸುವ ದಿನದಿಂದ ಬಿಡಿಸಿಕೊಂಡ ಗಂಟೆಗಳು

ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಕ್ಯಾನ್ಸರ್ ಡೇ ಕೇರ್ ವಾರ್ಡಿನಲ್ಲಿ ನಾನು ಶುಶ್ರೂಷಕಿ. ಕಿಮೊಥೆರಪಿಯ ಜೊತೆಗೆ ರಕ್ತ ಏರಿಸುವ ಕೆಲಸವೂ ನಮ್ಮದೇ. ರೋಣ, ನರಗುಂದ, ಹಾನಗಲ್ಲ ಕಡೆಯಿಂದ ಮೊದಲ ಬಸ್ಸಿಗೆ ಹೊರಟವರು ಕತ್ತಲಾದ ಮೇಲೆ ಮನೆ ಸೇರುತ್ತಿದ್ದರು. ಅಷ್ಟು ಹೊತ್ತಿನಲ್ಲಿ ಅವರ ಮೈಗೆ ಹೋಗುತ್ತಿದ್ದದ್ದು ಒಂದು ಯೂನಿಟ್, ಅಂದರೆ ಒಂದು ಚೀಲ ರಕ್ತ, ಹೆಚ್ಚೆಂದರೆ ಎರಡು.

ಒಂದು ಯೂನಿಟ್ ಕೆಂಪು ಕಣ ಇಳಿಯಲು ಸಾಮಾನ್ಯವಾಗಿ ಎರಡು ಮೂರು ಗಂಟೆ ಸಾಕು. ಶೀತಲ ಪೆಟ್ಟಿಗೆಯಿಂದ ಹೊರಗೆ ತೆಗೆದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಯಲೇಬೇಕು. ಹಾಗಾದರೆ ಉಳಿದ ಹೊತ್ತು ಎಲ್ಲಿ ಹೋಗುತ್ತಿತ್ತು? ತಿಳಿಯಬೇಕೆಂದು ಒಂದು ನೋಟ್‌ಬುಕ್ಕಿನಲ್ಲಿ ಗಡಿಯಾರ ನೋಡಿ ಬರೆಯತೊಡಗಿದೆ: ರೋಗಿ ಬಂದದ್ದು, ಮಾದರಿ ಕೊಟ್ಟದ್ದು, ವರದಿ ಬಂದದ್ದು, ವೈದ್ಯರು ನೋಡಿದ್ದು, ರಕ್ತನಿಧಿಗೆ ಚೀಟಿ ಹೋದದ್ದು, ಚೀಲ ಬಂದದ್ದು, ಸೂಜಿ ತೆಗೆದದ್ದು. ಪುಟಗಳು ತುಂಬಿದಂತೆ ಒಂದು ಸಂಗತಿ ಸ್ಪಷ್ಟವಾಯಿತು. ರಕ್ತ ಇಳಿಯುವ ಹೊತ್ತಿಗಿಂತ, ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ನಡುವಿನ ಹೊತ್ತೇ ದೊಡ್ಡದಾಗಿತ್ತು.

ಹಿಮೋಗ್ಲೋಬಿನ್ ಡೆಸಿಲೀಟರಿಗೆ ಆರು ಗ್ರಾಮ್‌ಗೆ ಇಳಿದವರಿಗೆ ಸುಮ್ಮನೆ ಕುಳಿತಿರುವುದೂ ದಣಿವೇ. ನಾಲ್ಕು ಹೆಜ್ಜೆ ನಡೆದರೆ ಎದೆ ಹೊಡೆದುಕೊಳ್ಳುತ್ತದೆ, ಕಿವಿ ಗುಂಯ್‌ಗುಡುತ್ತದೆ. ಜೊತೆಗೆ ಬಂದ ಮಗನ ಆ ದಿನದ ಕೂಲಿ ಹೋಗುತ್ತದೆ. ರಕ್ತ ಹುಟ್ಟಿಸುವ ಮೂಳೆಮಜ್ಜೆಯೇ ಸೋತವರಿಗೆ ಎರಡು ಮೂರು ವಾರಕ್ಕೊಮ್ಮೆ ಇದೇ ಸುತ್ತು. ಇನ್ನು ಹೆಚ್ಚು ದಿನ ಉಳಿದಿಲ್ಲದವರ ದಿನಗಳನ್ನು ನಾವು ಬೆಂಚಿನ ಮೇಲೆ ಕಳೆಯುವಂತೆ ಮಾಡುವುದು ಅನ್ಯಾಯ ಎಂದೇ ನನಗೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಮೊದಲು ಹಿಡಿದದ್ದು ಹಿಮೋಗ್ಲೋಬಿನ್ ಪರೀಕ್ಷೆಯನ್ನು. ಅದಕ್ಕೆ ಹುಬ್ಬಳ್ಳಿಗೆ ಬರಬೇಕಾಗಿಲ್ಲ. ಹಿಂದಿನ ದಿನ ತಮ್ಮ ಊರಿನ ಹತ್ತಿರದ ಪ್ರಯೋಗಾಲಯದಲ್ಲೇ ಮಾಡಿಸಿ, ವರದಿಯನ್ನು ವಾರ್ಡಿನ ಮೊಬೈಲ್‌ಗೆ ಕಳುಹಿಸಲು ಹೇಳಿದೆವು. ಸಂಜೆ ವೈದ್ಯರು ನೋಡುತ್ತಾರೆ. ಸಾಮಾನ್ಯವಾಗಿ 7ಕ್ಕಿಂತ ಕಡಿಮೆಯಿದ್ದರೆ, ಹೃದಯದ ತೊಂದರೆ ಇರುವವರಿಗಾದರೆ 8ಕ್ಕಿಂತ ಕಡಿಮೆಯಿದ್ದರೆ ರಕ್ತ ಕೊಡುತ್ತೇವೆ. ಆದರೆ ಅಂಕಿಯೊಂದನ್ನೇ ನಂಬುವುದಿಲ್ಲ. ನಾನೇ ಫೋನ್ ಮಾಡಿ ಉಸಿರು ಹೇಗಿದೆ, ಸ್ನಾನಕ್ಕೆ ಎದ್ದು ಹೋಗಲು ಆಗುತ್ತಿದೆಯೇ ಎಂದು ಕೇಳುತ್ತೇನೆ. ಅಷ್ಟು ದೂರ ಬಂದು "ಈಗ ರಕ್ತ ಬೇಡ, ಮುಂದಿನ ವಾರ ನೋಡೋಣ" ಎಂದು ಕೇಳಿಸಿಕೊಂಡು ಹಿಂದಿರುಗುವುದು ಇದರಿಂದ ನಿಂತಿತು.

ಕ್ರಾಸ್ ಮ್ಯಾಚ್, ಅಂದರೆ ದಾನಿಯ ರಕ್ತ ರೋಗಿಯ ರಕ್ತಕ್ಕೆ ಹೊಂದುತ್ತದೆಯೇ ಎಂದು ನೋಡುವ ಪರೀಕ್ಷೆ, ಅದರ ಮಾದರಿಯ ಮಾತು ಬೇರೆ. ಅದನ್ನು ರೋಗಿಯ ಪಕ್ಕದಲ್ಲೇ ತೆಗೆದು, ಅಲ್ಲೇ ಹೆಸರು ಬರೆಯಬೇಕು. ಒಬ್ಬರ ಮಾದರಿಗೆ ಇನ್ನೊಬ್ಬರ ಹೆಸರು ಅಂಟಿದರೆ ಪ್ರಾಣಕ್ಕೇ ಸಂಚಕಾರ. ಇತ್ತೀಚೆಗೆ ರಕ್ತ ಪಡೆದವರ ಮೈಯಲ್ಲಿ ಪರರ ರಕ್ತಕಣಗಳ ಮೇಲೆ ಎರಗುವ ಹೊಸ ಪ್ರತಿಕಾಯಗಳು ಹುಟ್ಟಿರಬಹುದಾದ್ದರಿಂದ ಆ ಮಾದರಿ 72 ಗಂಟೆ ಮಾತ್ರ ಊರ್ಜಿತ. ಈ ಮೂರು ದಿನಗಳನ್ನೇ ನಾವು ಬಳಸಿಕೊಂಡೆವು. ಸೋಮವಾರ ಹೊರರೋಗಿ ವಿಭಾಗಕ್ಕೆ ಹೇಗೂ ಬರುವವರ ಮಾದರಿಯನ್ನು ಅಂದೇ ತೆಗೆದು, ಬುಧವಾರಕ್ಕೆ ರಕ್ತ ಸಿದ್ಧವಾಗಿಸುವುದು. ಬೇರೆ ಕೆಲಸವಿಲ್ಲದವರನ್ನು ಮಾದರಿಗೆಂದೇ ಕರೆಸುವುದಿಲ್ಲ. ಅವರ ಮಾದರಿಯನ್ನು ಬಂದ ತಕ್ಷಣ, ನೋಂದಣಿಯ ಸಾಲಿಗೆ ನಿಲ್ಲಿಸದೆ ತೆಗೆಯುತ್ತೇವೆ.

ರಕ್ತನಿಧಿಯವರನ್ನು ಒಪ್ಪಿಸುವುದಕ್ಕೆ ಹೆಚ್ಚು ಕಾಲ ಹಿಡಿಯಿತು. ಅವರ ಆತಂಕ ನ್ಯಾಯವಾದದ್ದೇ: ಒಬ್ಬರ ಹೆಸರಿಗೆ ಎತ್ತಿಟ್ಟ ಚೀಲ, ಅವರು ಬಾರದಿದ್ದರೆ, ಹೆರಿಗೆಯಲ್ಲಿ ರಕ್ತ ಹೋಗುತ್ತಿರುವ ಇನ್ನೊಬ್ಬಳಿಗೆ ಸಿಗದೆ ಉಳಿಯಬಾರದು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ರೋಗಿ ಬಸ್ ಹತ್ತಿದಾಗ ನಮಗೆ ಕರೆ ಮಾಡಬೇಕು. ಮಧ್ಯಾಹ್ನದೊಳಗೆ ಬಾರದಿದ್ದರೆ ಚೀಲ ಮತ್ತೆ ಎಲ್ಲರದ್ದು. ರಾತ್ರಿ ಪಾಳಿಯ ತಂತ್ರಜ್ಞರು ಮರುದಿನದ ಕ್ರಾಸ್ ಮ್ಯಾಚ್ ಮುಗಿಸಿಡಲು ಒಪ್ಪಿದರು. ಅವರಿಗೆ ನಾನು ಸದಾ ಋಣಿ.

ದಾನಿಗಳನ್ನು ಹುಡುಕುವ ಓಡಾಟವೂ ಅದೇ ದಿನ ನಡೆಯುತ್ತಿತ್ತು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಮಾತ್ರ ರಕ್ತ ಕೊಡಬಹುದು. ಎರಡು ವಾರಕ್ಕೊಮ್ಮೆ ರಕ್ತ ಬೇಕಾದ ಮನೆಯಲ್ಲಿ ಅಣ್ಣತಮ್ಮಂದಿರೆಲ್ಲ ಬಹುಬೇಗ ಮುಗಿದುಹೋಗುತ್ತಾರೆ. ಇಂಥವರಿಂದ ಬದಲಿ ದಾನಿಯನ್ನು, ಅಂದರೆ ಪಡೆದ ರಕ್ತಕ್ಕೆ ಪ್ರತಿಯಾಗಿ ರಕ್ತ ಕೊಡುವವರನ್ನು, ಕೇಳಬೇಡಿ ಎಂದು ರಕ್ತನಿಧಿಗೆ ನಮ್ಮ ವಿಭಾಗದಿಂದ ಪತ್ರ ಬರೆಸಿದೆವು. ಕೊಡಲು ಮನಸ್ಸಿರುವ ನೆಂಟರು ತಮಗೆ ಅನುಕೂಲವಾದ ಬೇರೆ ದಿನ ಬಂದು ಕೊಡಲಿ.

ಒಂದು ಯೂನಿಟ್ಟೋ ಎರಡೋ ಎಂಬುದು ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ. ಒಂದು ಯೂನಿಟ್ ಹಿಮೋಗ್ಲೋಬಿನ್ನನ್ನು ಸುಮಾರು ಒಂದು ಗ್ರಾಮ್ ಏರಿಸುತ್ತದೆ. ಒಂದು ಕೊಟ್ಟು, ಮತ್ತೆ ನೋಡಿ, ಬೇಕಿದ್ದರೆ ಇನ್ನೊಂದು ಎನ್ನುವುದು ಒಳ್ಳೆಯ ನಿಯಮ. ಅಲ್ಲದೆ ಪ್ರತಿ ಯೂನಿಟ್ಟಿನೊಂದಿಗೆ 200 ಮಿಲಿಗ್ರಾಮ್‌ಗೂ ಮಿಕ್ಕ ಕಬ್ಬಿಣ ಒಳಗೆ ಹೋಗುತ್ತದೆ. ವರ್ಷಗಟ್ಟಲೆ ರಕ್ತ ಪಡೆಯುವವರ ಯಕೃತ್ತು, ಹೃದಯಗಳಲ್ಲಿ ಅದು ಕೂಡಿಕೊಳ್ಳುತ್ತದೆ. ಆದರೂ ದೂರದಿಂದ ಬರುವ, ಹೃದಯ ಗಟ್ಟಿಯಿರುವ ರೋಗಿಗೆ ಒಂದೇ ಭೇಟಿಯಲ್ಲಿ ಎರಡು ಕೊಡಬಹುದೇ ಎಂದು ವೈದ್ಯರನ್ನು ಕೇಳಲು ನಾನು ಹಿಂಜರಿಯುವುದಿಲ್ಲ. ದೂರವೂ ಲೆಕ್ಕಕ್ಕೆ ಬರಬೇಕು. ವಯಸ್ಸಾದ, ಹೃದಯ ಸೋತವರ ವಿಷಯದಲ್ಲಿ ಮಾತ್ರ ಈ ಮಾತೆತ್ತುವುದಿಲ್ಲ. ಅವರಿಗೆ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯವಿದೆ.

ನಾನು ಒಂದು ನಿಮಿಷವನ್ನೂ ಕಡಿತ ಮಾಡದ ಜಾಗಗಳೂ ಇವೆ. ಚೀಲದ ಮೇಲಿನ ಹೆಸರು, ಗುಂಪು, ಸಂಖ್ಯೆಗಳನ್ನು ಇಬ್ಬರು ಸೇರಿ ಗಟ್ಟಿಯಾಗಿ ಓದುತ್ತೇವೆ. ಮೊದಲ ಹದಿನೈದು ನಿಮಿಷ ರಕ್ತ ನಿಧಾನ, ನಾನು ಪಕ್ಕದಲ್ಲೇ. ಚಳಿ, ಬೆನ್ನುನೋವು, ಎದೆಬಿಗಿತ ಇವೆಲ್ಲ ಸಾಮಾನ್ಯವಾಗಿ ಆಗಲೇ ಮುಖ ತೋರಿಸುವುದು. ಬಸ್ ತಪ್ಪುತ್ತದೆ ಎಂದು ಯಾರಾದರೂ ಬೇಡಿಕೊಂಡರೂ ವೇಗ ಹೆಚ್ಚಿಸುವುದಿಲ್ಲ. ಬಸ್ ತಪ್ಪದಂತೆ ಬೆಳಿಗ್ಗೆಯೇ ಶುರು ಮಾಡುವುದು ನಮ್ಮ ಹೊಣೆ.

ಕೆಲವರಿಗೆ ಊರ ಹತ್ತಿರದ ಆಸ್ಪತ್ರೆಯಲ್ಲೇ ರಕ್ತ ಏರಿಸುವ ಏರ್ಪಾಡು ಮಾಡಿದ್ದೇವೆ. ಕ್ಯಾನ್ಸರ್ ಎಂಬ ಪದ ಕಂಡರೆ ಅಲ್ಲಿನವರು ಹಿಂಜರಿಯುತ್ತಾರೆ. ಅದಕ್ಕೆ ಕಾಯಿಲೆ, ರಕ್ತದ ಗುಂಪು, ಹಿಂದೆ ಆದ ಪ್ರತಿಕ್ರಿಯೆ, ಎಷ್ಟು ವೇಗ, ಯಾರಿಗೆ ಕರೆ ಮಾಡಬೇಕು ಇವೆಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ವೈದ್ಯರ ಸಹಿಯೊಂದಿಗೆ ಕಳುಹಿಸುತ್ತೇವೆ. ದಾನಿಯ ಬಿಳಿ ಕಣಗಳು ರೋಗಿಯ ಮೈಯಲ್ಲಿ ಬೆಳೆಯದಂತೆ ವಿಕಿರಣಕ್ಕೆ ಒಡ್ಡಿದ ರಕ್ತವೇ ಬೇಕಾದವರಿಗೆ ಈ ದಾರಿ ಇಲ್ಲ, ಅವರು ನಮ್ಮಲ್ಲಿಗೇ ಬರಬೇಕು.

ಈಗ ನಾನು ಆಡಳಿತದವರನ್ನು ಕೇಳುತ್ತಿರುವುದು ಮಧ್ಯಾಹ್ನ ಎರಡರಿಂದ ರಾತ್ರಿ ಎಂಟರವರೆಗೆ ಎರಡು ಕುರ್ಚಿ, ಒಬ್ಬ ಶುಶ್ರೂಷಕಿ. ಸಿಬ್ಬಂದಿ ಕಡಿಮೆ ಇರುವ ರಾತ್ರಿಯಲ್ಲಿ, ತುರ್ತಿಲ್ಲದೆ ರಕ್ತ ಏರಿಸುವುದು ಸುರಕ್ಷಿತವಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಹುಬ್ಬಳ್ಳಿ, ಧಾರವಾಡದಲ್ಲೇ ಇರುವವರು ಅರ್ಧ ದಿನ ದುಡಿದು ಮನೆಯವರನ್ನು ಕರೆತರಲು ಅಷ್ಟು ಸಾಕು.