ಬ್ಯಾಂಕಾಕ್‌ನಲ್ಲಿ ನಾಲ್ವರಿಗೆ ಅಗ್ಗದ ವಸತಿ: ನಾನು ಹುಡುಕುವ ರೀತಿ

ಗೆಳೆಯರ ಜೊತೆ ಬ್ಯಾಂಕಾಕ್‌ಗೆ ಹೊರಟರೆ ನಾನು ಮೊದಲು ನೋಡುವುದು ಮ್ಯಾಪ್, ಬುಕಿಂಗ್ ಆ್ಯಪ್ ಆಮೇಲೆ. ಸುವರ್ಣಭೂಮಿ ವಿಮಾನ ನಿಲ್ದಾಣದಿಂದ ಏರ್‌ಪೋರ್ಟ್ ರೈಲ್ ಲಿಂಕ್ ಫಯಾ ಥಾಯ್‌ವರೆಗೆ ಬರುತ್ತದೆ, ಅಲ್ಲೇ ಸ್ಕೈಟ್ರೇನ್, ಅಂದರೆ ಮೇಲ್ಸೇತುವೆಯ ಮೆಟ್ರೊ, ಸಿಗುತ್ತದೆ. ಹಾಗಾಗಿ ಫಯಾ ಥಾಯ್, ರಾಚತೇವಿ, ಆರಿ, ಇಲ್ಲವೇ ಸ್ವಲ್ಪ ದೂರದ ಆನ್ ನುಟ್ ಸುತ್ತಲೇ ಹುಡುಕುತ್ತೇನೆ. ಖಾವೊ ಸಾನ್ ರಸ್ತೆಯಲ್ಲಿ ರೂಮು ಅಗ್ಗ, ನಿಜ. ಆದರೆ ಪಕ್ಕದಲ್ಲಿ ರೈಲಿಲ್ಲ, ತಡರಾತ್ರಿವರೆಗೂ ಸಂಗೀತದ ಅಬ್ಬರ. ನಿದ್ದೆ ಬೇಕೆನ್ನುವವರಿಗೆ ಅದು ಬೇಡ.

ಆ್ಯಪ್‌ಗಳು ತೋರಿಸುವ ದೂರವನ್ನು ನಂಬಬಾರದು, ಹಲವು ಸಲ ಅದು ನೇರ ಗೆರೆಯ ದೂರ. ಸುಖುಮ್ವಿತ್ ಎಂಬ ಮುಖ್ಯರಸ್ತೆಯ ಸೊಯ್‌ಗಳು, ಅಂದರೆ ಅಡ್ಡರಸ್ತೆಗಳು, ಉದ್ದ. ಎಷ್ಟೋ ಸೊಯ್‌ಗಳಿಂದ ಪಕ್ಕದ್ದಕ್ಕೆ ದಾಟಲು ದಾರಿಯೇ ಇರುವುದಿಲ್ಲ. 400 ಮೀಟರ್ ಎಂದದ್ದು ಕಾಲ್ನಡಿಗೆಯಲ್ಲಿ 1 ಕಿ.ಮೀ. ಆದೀತು. ಸ್ಟೇಷನ್ನಿಂದ ಹೋಟೆಲ್ ಬಾಗಿಲಿಗೆ ನಡೆಯುವ ದಾರಿ ಹಾಕಿ ನೋಡಿ, 10 ನಿಮಿಷ ಮೀರಿದರೆ ಬಿಟ್ಟುಬಿಡುತ್ತೇನೆ. ಆ ಸೆಕೆಗೆ ನಾಲ್ವರೂ ದಿನಾ ಟ್ಯಾಕ್ಸಿ ಹತ್ತುತ್ತಾರೆ, ಉಳಿಸಿದ ಬಾತ್ (ಥಾಯ್ಲೆಂಡ್ ಹಣ) ಅಲ್ಲೇ ಕರಗುತ್ತದೆ.

ಡಾರ್ಮ್, ಅಂದರೆ ಹಲವರು ಹಂಚಿಕೊಳ್ಳುವ ಕೋಣೆಯಲ್ಲಿ ಒಂದು ಹಾಸಿಗೆ, ಒಬ್ಬರಿಗೆ ಲಾಭ, ನಾಲ್ವರಿಗೆ ಹಾಗೇನಿಲ್ಲ. ಹಾಸಿಗೆಗೆ 400 ಬಾತ್ ಎಂದರೆ ಒಟ್ಟು 1,600. 800 ಬಾತ್‌ನ ರೂಮು ಎರಡು ಹಿಡಿದರೂ ಅಷ್ಟೇ, ಜೊತೆಗೆ ಸ್ವಂತ ಬಾತ್‌ರೂಮು. ‘ಡಬಲ್’ ಅಂದರೆ ಒಂದೇ ದೊಡ್ಡ ಮಂಚ. ಗೆಳೆಯರಿಗೆ ಬೇಕಾದದ್ದು ‘ಟ್ವಿನ್’. ಕಿಟಕಿ ಇದೆಯೇ ಎಂದೂ ಓದಿಕೊಳ್ಳಿ, ತೀರಾ ಅಗ್ಗದ ರೂಮುಗಳಿಗೆ ಹಲವು ಕಡೆ ಇರುವುದಿಲ್ಲ. ಬೆಲೆಯ ಮುಂದೆ ‘++’ ಇದ್ದರೆ 10% ಸೇವಾ ಶುಲ್ಕ, ಅದರ ಮೇಲೆ 7% ತೆರಿಗೆ: 1,000 ಬಾತ್ 1,177 ಆಗುತ್ತದೆ. ಕಾರ್ಡ್ ಉಜ್ಜುವಾಗ ರೂಪಾಯಿಯೋ ಬಾತೋ ಎಂದು ಕೇಳಿದರೆ ಬಾತ್ ಎನ್ನಿ. ರೂಪಾಯಿ ಆರಿಸಿದರೆ ಕಾರ್ಡ್ ಯಂತ್ರದವರು ಹೇಳಿದ್ದೇ ವಿನಿಮಯ ದರ.

ಈಜುಕೊಳವಿರುವ ಕಾಂಡೊ (ಅಪಾರ್ಟ್‌ಮೆಂಟ್) ಫ್ಲ್ಯಾಟು ಹಂಚಿಕೊಂಡರೆ ಸಸ್ತಾ ಅನ್ನಿಸುತ್ತದೆ. ಆದರೆ ಹೋಟೆಲ್ ಪರವಾನಗಿ ಇಲ್ಲದೆ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವುದು ಅಲ್ಲಿ ಕಾನೂನುಬಾಹಿರ. ಕೆಳಗೆ ಸೆಕ್ಯುರಿಟಿಯವರು ತಡೆದರೆ ಬ್ಯಾಗು ಹಿಡಿದು ಬೀದಿಯಲ್ಲಿ ನಿಲ್ಲಬೇಕು.

ಬೆಂಗಳೂರಿನಿಂದ ರಾತ್ರಿ ವಿಮಾನ ಹತ್ತಿದರೆ ಮುಟ್ಟುವುದು ಬೆಳಗಿನ ಜಾವ, ಚೆಕ್‌-ಇನ್ ಸಾಮಾನ್ಯವಾಗಿ ಮಧ್ಯಾಹ್ನ 2ಕ್ಕೆ. ಬ್ಯಾಗು ಇಟ್ಟುಕೊಳ್ಳುತ್ತಾರೆಯೇ ಎಂದು ಮೊದಲೇ ಮೆಸೇಜ್ ಮಾಡಿ. ಹೋದ ತಕ್ಷಣ ಮಲಗಬೇಕೆಂದು ಹಿಂದಿನ ರಾತ್ರಿಗೂ ದುಡ್ಡು ಕಟ್ಟಿದ್ದರೆ, ವಿಮಾನ ಇಳಿಯುವ ಸಮಯವನ್ನು ಬರೆದು ತಿಳಿಸಲೇಬೇಕು. ಇಲ್ಲವಾದರೆ ನಡುರಾತ್ರಿ ಕಳೆದ ಮೇಲೆ ‘ಬರಲಿಲ್ಲ’ ಎಂದು ಗುರುತು ಹಾಕಿ ಇಡೀ ಬುಕಿಂಗ್ ರದ್ದು ಮಾಡುವ ಅಪಾಯವಿದೆ. 2025ರ ಮೇ 1ರಿಂದ ಥಾಯ್ಲೆಂಡ್‌ನ ಆಗಮನ ಕಾರ್ಡನ್ನು ಆನ್‌ಲೈನ್‌ನಲ್ಲೇ ತುಂಬಬೇಕು. ಅದರಲ್ಲಿ ವಸತಿಯ ವಿಳಾಸ ಕೇಳುತ್ತಾರೆ, ಬುಕಿಂಗ್ ಪ್ರತಿಯನ್ನು ನಾಲ್ವರಿಗೂ ಕಳಿಸಿಡಿ.

ರೂಮಿಗೆ ಹೋದೊಡನೆ ಬ್ಯಾಗುಗಳನ್ನು ಬಾತ್‌ರೂಮಿನಲ್ಲಿಟ್ಟು, ಹಾಸಿಗೆಯ ಮೂಲೆಯಲ್ಲಿ ಬೆಡ್‌ಶೀಟ್ ಎತ್ತಿ ಹೊಲಿಗೆಯುದ್ದಕ್ಕೂ ಟಾರ್ಚ್ ಬಿಡುತ್ತೇನೆ. ಶಾಯಿ ಚುಕ್ಕೆಯಂಥ ಕಪ್ಪು ಕಲೆ ಕಂಡರೆ ಅದು ತಿಗಣೆಯ ಗುರುತು. ಫೋಟೊ ತೆಗೆದು ಬೇರೆ ರೂಮು ಕೇಳುತ್ತೇನೆ, ಅದೂ ಪಕ್ಕದ ರೂಮಲ್ಲ, ಬೇರೆ ಮಹಡಿಯದ್ದು.