‘ಕಪ್ಪಗಿದ್ರೂ’ ಅನ್ನುವ ಮಾತಿನ ‘ರೂ’

ಎಲ್ಲರೂ ಕೈ ಕೈ ಹಿಡಿದು ಸುತ್ತ ನಿಲ್ಲುವ ಆಟ. ಯಲ್ಲಾಪುರ ತಾಲ್ಲೂಕಿನ ನಮ್ಮ ಶಿಶುವಿಹಾರದಲ್ಲಿ ಆ ವರ್ಷ ಹತ್ತೊಂಬತ್ತು ಮಕ್ಕಳು, ಎಲ್ಲ ನಾಲ್ಕು, ಐದು ವರ್ಷದವರು. ಸುತ್ತು ಒಂದು ಕಡೆ ಮಾತ್ರ ಕೂಡಿರಲಿಲ್ಲ. ಕಿರಾಣಿ ಅಂಗಡಿಯವರ ಮಗ ಎರಡೂ ಕೈ ಚಡ್ಡಿ ಜೇಬಿಗೆ ತುರುಕಿಕೊಂಡು ನಿಂತಿದ್ದ.

“ಅಕ್ಕೋರೆ, ಅವ್ಳ ಕೈ ಹಿಡಿದ್ರೆ ನಂಗೂ ಕಪ್ಪು ಅಂಟ್ತದೆ.”

ಅವಳೆಂದರೆ ಆ ಜೂನ್‌ನಲ್ಲಿ ಸೇರಿದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗಿ. ಇಲ್ಲಿ ಪುಟ್ಟಿ ಅನ್ನೋಣ.

“ಛೆ, ಹಾಗೆಲ್ಲ ಅನ್ನಬಾರದು. ನಾವೆಲ್ಲ ಒಂದೇ” ಅಂದುಬಿಟ್ಟೆ. ಹುಡುಗ ಸುಮ್ಮನಾದ. ಪಕ್ಕದಲ್ಲಿದ್ದವಳು ಸುಮ್ಮನಾಗಲಿಲ್ಲ. “ಒಂದೇ ಎಲ್ಲಿ ಅಕ್ಕೋರೆ? ಇವ್ಳ ಕೂದ್ಲು ನೋಡಿ, ಸುರುಳಿ ಸುರುಳಿ.” ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಕಣ್ಣಿಗೆ ಕಾಣುವುದನ್ನು ನಾನೇ ಇಲ್ಲ ಅನ್ನುತ್ತಿದ್ದೆ. ಪುಟ್ಟಿ ತಲೆ ತಗ್ಗಿಸಿದಳು. ತನ್ನ ಬಣ್ಣದ ಸುದ್ದಿ ಬಂದರೆ ಅಕ್ಕೋರು ಗದರುತ್ತಾರೆ, ಅಂದರೆ ಅದೇನೋ ಕೆಟ್ಟದ್ದೇ ಇರಬೇಕು ಅಂದುಕೊಂಡಿರಬಹುದು.

ಮರುದಿನ ಇನ್ನೂ ದೊಡ್ಡ ತಪ್ಪು ಮಾಡಿದೆ. ಬಣ್ಣ ಅಂಟುವುದಿಲ್ಲ ಎಂದು ತೋರಿಸಬೇಕಿತ್ತಲ್ಲ, ಒಲೆಯಿಂದ ಇದ್ದಿಲು ತಂದು ನನ್ನ ಕೈಗೆ ಹಚ್ಚಿಕೊಂಡು ನಲ್ಲಿಯಡಿ ತೊಳೆದೆ. “ಇದು ಹೋಗುತ್ತೆ, ಮೈಬಣ್ಣ ಹೋಗಲ್ಲ” ಅಂದೆ. ಮಕ್ಕಳು ಹಿಡಿದುಕೊಂಡದ್ದು ಬೇರೆಯೇ: ಕಪ್ಪು ಅಂದರೆ ತೊಳೆಯಬೇಕಾದ್ದು. ಮಧ್ಯಾಹ್ನ ಊಟಕ್ಕೆ ಮುಂಚೆ ಇಬ್ಬರು ಪುಟ್ಟಿಗೆ ಸೋಪು ಕೊಡಲು ಹೋದರು, ಪ್ರೀತಿಯಿಂದಲೇ. ನನಗೆ ಊಟ ಇಳಿಯಲಿಲ್ಲ.

ವಾರ ಬಿಟ್ಟು ಅರಿಶಿನ ತಂದೆ. ಎಲ್ಲರೂ ಕೈಗೆ ಹಚ್ಚಿಕೊಂಡು ಪಕ್ಕದವರ ಕೈ ಹಿಡಿದರು. ಅಂಟಿತು. ತೊಳೆದು ಮತ್ತೆ ಹಿಡಿದರು. ಈಗ ಯಾರದ್ದೂ ಯಾರಿಗೂ ಅಂಟಲಿಲ್ಲ. ಅಂಗಡಿ ಹುಡುಗ ಪುಟ್ಟಿಯ ಕೈ ಹಿಡಿದ, ಬಿಟ್ಟ, ತನ್ನ ಅಂಗೈ ನೋಡಿಕೊಂಡ, ಮತ್ತೆ ಹಿಡಿದ. ಹೀಗೆ ನಾಲ್ಕು ಸಲ. ನಾನು ಬಾಯಿ ಬಿಗಿಹಿಡಿದು ಕೂತಿದ್ದೆ. ಅವನು ಪರೀಕ್ಷೆ ಮುಗಿಸಲಿ ಅಂತ.

ಆಮೇಲೆ ಎಲ್ಲರಿಗೂ ಅಂಗೈ ತಿರುಗಿಸಿ ನೋಡಲು ಹೇಳಿದೆ. ಅಂಗೈ ಒಂದು ಬಣ್ಣ, ಹಿಂಗೈ ಒಂದು. ತೋಳಿನ ಒಳಗೊಂದು, ಹೊರಗೊಂದು. ಯಾಕೆ? ಚರ್ಮದೊಳಗೆ ಮೆಲನಿನ್ ಅಂತ ಒಂದಿದೆ, ಅದು ಬಿಸಿಲಿಗೆ ಕೊಡೆ ಹಿಡಿಯುತ್ತದೆ ಅಂದೆ. ಅಜ್ಜನ ಅಜ್ಜನ ಅಜ್ಜಂದಿರು ಹೆಚ್ಚು ಬಿಸಿಲಿರುವ ಕಡೆ ಬಾಳಿದ್ದರೆ ಕೊಡೆ ದಪ್ಪ, ಕಡಿಮೆ ಬಿಸಿಲಿನ ಕಡೆ ಬಾಳಿದ್ದರೆ ತೆಳು. “ನನ್ ಅಂಗೈ ಕೊಡೆ ಹರ್ದೋಗಿದ್ಯಾ?” ಅಂತ ಒಬ್ಬ ಕೇಳಿದ. ಐದು ವರ್ಷದವರಿಗೆ ಇಷ್ಟು ಸಾಕು. ಬಣ್ಣ ತಯಾರಿಸುವ ಜೀವಕೋಶಗಳು ಎಲ್ಲರಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ, ಅವು ತಯಾರಿಸುವ ಮೆಲನಿನ್ ಎಷ್ಟು, ಎಂಥದ್ದು ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ. ಇದನ್ನು ಪೋಷಕರ ಸಭೆಗೆ ಇಟ್ಟುಕೊಂಡೆ.

ಉತ್ಸಾಹ ಏರಿತು. ಪುಟ್ಟಿಯ ಅಮ್ಮನನ್ನು ಕರೆದು, ಸಿದ್ದಿಯರ ಡೋಲು ಡಮಾಮಿ ಬಾರಿಸುವವರನ್ನು ಶಾಲೆಗೆ ಕರೆತರೋಣ, ಪುಟ್ಟಿಯನ್ನು ಮುಂದೆ ನಿಲ್ಲಿಸಿ ಸಿದ್ದಿಯರ ಕಥೆ ಹೇಳೋಣ ಅಂದೆ. ಆಕೆ ಸ್ವಲ್ಪ ಹೊತ್ತು ಸೆರಗಿನ ಅಂಚು ತಿರುವುತ್ತಾ ನಿಂತರು.

“ಅಕ್ಕೋರೆ, ಡಮಾಮಿ ತರ್ಸೋಣ. ನನ್ ಮಗಳನ್ನ ನಿಲ್ಸಿ ಪಾಠ ಮಾಡ್ಬೇಡಿ. ಬಸ್ಸಲ್ಲಿ ಎಲ್ರೂ ನಮ್ಮನ್ನ ನೋಡೋದೇ ಹಾಗೆ. ಇಂಗ್ಲಿಷಲ್ಲಿ ಯಾವ ದೇಶ ಅಂತಾರೆ. ನಾನು ಕನ್ನಡದಲ್ಲಿ ಉತ್ತರ ಕೊಟ್ರೆ ಬಾಯಿ ಬಿಡ್ತಾರೆ.”

ಆಫ್ರಿಕಾದಿಂದ ಗುಲಾಮರನ್ನಾಗಿ ಹಿಡಿದು ಪೋರ್ಚುಗೀಸರ ಗೋವೆಗೆ ತರಲಾದವರು, ಅಲ್ಲಿಂದ ತಪ್ಪಿಸಿಕೊಂಡು ಈ ಘಟ್ಟದ ಕಾಡು ಸೇರಿದವರು ಆಕೆಯ ಹಿರಿಯರು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ತಲೆಮಾರುಗಳಿಂದ ಇದ್ದಾರೆ. ನನ್ನ ತವರು ಶಿವಮೊಗ್ಗ, ಈ ಊರಿಗೆ ನಾನು ಬಂದು ಹನ್ನೊಂದು ವರ್ಷ. ನನ್ನನ್ನು ಯಾರೂ ಯಾವ ದೇಶ ಅಂತ ಕೇಳಿಲ್ಲ.

ಹೊರಡುವಾಗ ಆಕೆ ಇನ್ನೊಂದು ಮಾತು ಸೇರಿಸಿದರು: “ಸಿದ್ದಿ ಮಕ್ಕಳು ಅಂದ್ರೆ ಎಲ್ರೂ ಓಟಕ್ಕೆ ಹಾಕಿ ಅಂತಾರೆ. ಇವ್ಳಿಗೆ ಓಡೋದು ಆಗ್ಬರಲ್ಲ. ಚಿತ್ರ ಬಿಡಿಸ್ತಾಳೆ.”

ಹಾಗಾಗಿ ಚಿತ್ರಕ್ಕೇ ಬಂದೆ. ನಮ್ಮ ಮಕ್ಕಳು ಮನುಷ್ಯರಿಗೆ ಬಣ್ಣ ತುಂಬುವಾಗ “ಸ್ಕಿನ್ ಕಲರ್ ಕೊಡಿ” ಅನ್ನುತ್ತಾರೆ. ಅಂದರೆ ತೆಳು ಗುಲಾಬಿ ಕ್ರೇಯಾನು. ಆ ಬಣ್ಣದ ಚರ್ಮದವರು ನಮ್ಮ ತರಗತಿಯಲ್ಲೇನು, ಇಡೀ ತಾಲ್ಲೂಕಿನಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಅಮೆರಿಕದ ಕ್ರೇಯೋಲಾ ಕಂಪನಿ ‘ಫ್ಲೆಶ್’ ಅನ್ನುತ್ತಿದ್ದ ಬಣ್ಣವನ್ನು 1962ರಲ್ಲೇ ‘ಪೀಚ್’ ಅಂತ ಬದಲಿಸಿತ್ತು. ನಾವು ಇನ್ನೂ ಸ್ಕಿನ್ ಕಲರ್ ಅನ್ನುತ್ತಿದ್ದೆವು.

ಮನೆಯಿಂದ ಡಬ್ಬಿಗಳನ್ನು ಹೊತ್ತು ತಂದು ಚಾಪೆ ಮೇಲೆ ಸಾಲಾಗಿ ಸುರಿದೆ: ರಾಗಿ, ಗೋಧಿ, ಬೆಲ್ಲ, ಹುಣಸೆಹಣ್ಣು, ಹುರಿಗಡಲೆ, ಕಾಫಿ ಬೀಜ, ಒಣ ಶುಂಠಿ. ಒಬ್ಬೊಬ್ಬರೂ ಕೈ ಚಾಚಿ ತಮ್ಮ ಬಣ್ಣ ಹುಡುಕಬೇಕು. ಯಾರನ್ನೂ ಮುಂದೆ ನಿಲ್ಲಿಸಲಿಲ್ಲ. ಮೊದಲು ಕೈ ಇಟ್ಟವಳು ನಾನು, ಬೆಲ್ಲದ ಪಕ್ಕ. “ಅಲ್ಲ ಅಕ್ಕೋರೆ, ನೀವು ಹುಣಸೆಹಣ್ಣು” ಅಂತ ತಿದ್ದಿದರು. ಸ್ವಲ್ಪ ಚುಚ್ಚಿತು, ಸುಳ್ಳು ಯಾಕೆ ಹೇಳಲಿ. ಅಂಗಡಿ ಹುಡುಗ ತಾನು ಹುರಿಗಡಲೆ ಅಂದ. ಬಿಸಿಲಿಗೆ ಹಿಡಿದು ನೋಡಿದರೆ ರಾಗಿ. ಪುಟ್ಟಿ ಕಾಫಿ ಬೀಜವನ್ನು ಮೊಣಕೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. “ಹುರಿದದ್ದು” ಅಂದಳು. ಹುರಿಯದ ಬೀಜ ಬೇರೆ ಬಣ್ಣ ಅಂತ ಅವಳಿಗೆ ಗೊತ್ತಿತ್ತು, ಅವಳ ಅಪ್ಪ ತೋಟದ ಕೆಲಸಕ್ಕೆ ಹೋಗುತ್ತಾರೆ. ಅಂದಿನಿಂದ ಆ ಗುಲಾಬಿ ಕ್ರೇಯಾನು ನಮ್ಮಲ್ಲಿ ಕರಬೂಜ ಬಣ್ಣ.

ಡಮಾಮಿ ಜನವರಿಯಲ್ಲಿ ಬಂತು. ಬಾರಿಸಿದವರು ಸಿದ್ದಿಯರು, ಕುಣಿದದ್ದು ಹತ್ತೊಂಬತ್ತೂ ಮಕ್ಕಳು. ಇವರ ಹಿರಿಯರನ್ನು ಹಿಡಿದು ತಂದರು, ಅದು ತಪ್ಪು ಕೆಲಸ, ಅವರು ಓಡಿಬಂದು ನಮ್ಮ ಕಾಡಿನಲ್ಲಿ ಮನೆ ಕಟ್ಟಿದರು ಅಂತ ಮೂರು ಮಾತಿನಲ್ಲಿ ಹೇಳಿದೆ. “ಹಿಡ್ದೋರಿಗೆ ಪೊಲೀಸು ಹೊಡೆದ್ರಾ?” ಅಂತ ಕೇಳಿದರು. ಇಲ್ಲ ಅಂದೆ. ಅವರಿಗೆ ಅದು ಸರಿಬರಲಿಲ್ಲ.

ಮಕ್ಕಳಿಗಿಂತ ಪೋಷಕರ ಸಭೆ ಕಷ್ಟದ್ದು. “ನಮ್ಮನೇಲಿ ಯಾರೂ ಭೇದ ಮಾಡಲ್ಲ” ಅಂತಲೇ ಎಲ್ಲರೂ ಶುರು ಮಾಡಿದರು. ನಾನು ಹಲಗೆ ಮೇಲೆ ಒಂದೇ ಮಾತು ಬರೆದೆ: ‘ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ.’ ಇದನ್ನು ಅನ್ನದವರು ಕೈ ಎತ್ತಿ ಅಂದೆ. ಯಾರೂ ಎತ್ತಲಿಲ್ಲ. ‘ರೂ’ ಅಳಿಸಿ, ‘ಕಪ್ಪಗಿದ್ದಾಳೆ, ಲಕ್ಷಣವಾಗಿದ್ದಾಳೆ’ ಅಂತ ಬರೆದೆ. ಹಿಂದಿನ ಸಾಲಿನ ಒಬ್ಬ ಅಜ್ಜಿ ನಕ್ಕು, “ನಮ್ ಕಾಲ್ದಲ್ಲಿ ಕರಿಯಮ್ಮ, ಕಾಳಮ್ಮ ಅಂತ ದೇವ್ರ ಹೆಸ್ರೇ ಇಡ್ತಿದ್ರು, ಈಗ ಯಾರ್ ಇಡ್ತಾರೆ?” ಅಂದರು. ಕಿರಾಣಿ ಅಂಗಡಿಯವರು ಏನೂ ಮಾತಾಡಲಿಲ್ಲ. ಅವರ ಗಾಜಿನ ಕಪಾಟಿನಲ್ಲಿ ‘ಫೇರ್ ಅಂಡ್ ಲವ್ಲಿ’ ಇರುತ್ತಿತ್ತು. 2020ರಲ್ಲಿ ಅದು ‘ಗ್ಲೋ ಅಂಡ್ ಲವ್ಲಿ’ ಆಯಿತು. ಈಗಲೂ ಮುಂದಿನ ಸಾಲಿನಲ್ಲೇ ಇದೆ.

ಹೋದ ತಿಂಗಳು ತವರಿನಲ್ಲಿ ತಮ್ಮನ ಮಗುವಿನ ನಾಮಕರಣ. ತೊಟ್ಟಿಲಿಗೆ ಬಗ್ಗಿ “ಕಪ್ಪಗಿದ್…” ಅಂದವಳು ಅಲ್ಲಿಗೇ ನಿಲ್ಲಿಸಿದೆ. ಅತ್ತೆ ಪಕ್ಕದಲ್ಲೇ ಇದ್ದರು. “ಹ್ಞೂಂ, ಕಪ್ಪಗಿದ್ರೂ?” ಅಂದು, ಉಳಿದದ್ದನ್ನು ನಾನು ಹೇಳುವವರೆಗೂ ನನ್ನ ಮುಖವನ್ನೇ ನೋಡುತ್ತಾ ನಿಂತರು.