ವೇಗ ಅದೇ ಇರಲಿ, ಹೆಜ್ಜೆ ಚಿಕ್ಕದಾಗಲಿ

ತುಮಕೂರಿನ ಅಮಾನಿಕೆರೆ ಸುತ್ತ ಬೆಳಿಗ್ಗೆ ಓಡುವವರನ್ನು ಪಕ್ಕದಿಂದ ಗಮನಿಸಿ. ಬಹಳ ಜನರ ಪಾದ ಮೊಣಕಾಲಿಗಿಂತ ಒಂದು ಗೇಣು ಮುಂದೆ ಹೋಗಿ ಬೀಳುತ್ತದೆ. ಪ್ರತಿ ಹೆಜ್ಜೆಗೂ ಓಟಕ್ಕೆ ಬ್ರೇಕ್ ಬಿದ್ದು, ಆ ಪೆಟ್ಟು ನೇರ ಮಂಡಿಗೆ ಹೋಗುತ್ತದೆ. ಹಿಮ್ಮಡಿ ಮೊದಲೋ ಮುಂಗಾಲು ಮೊದಲೋ ಎಂಬ ವಾದಕ್ಕಿಂತ ಪಾದ ಎಲ್ಲಿ ಬೀಳುತ್ತದೆ ಅನ್ನುವುದೇ ಮುಖ್ಯ. ನಾನು ತಿದ್ದಿಕೊಂಡದ್ದೂ ಅದನ್ನೇ.

ಮೊದಲು ಮೊಬೈಲನ್ನು ಸೊಂಟದ ಎತ್ತರದಲ್ಲಿ, ಓಡುವ ದಾರಿಯಿಂದ ಸುಮಾರು 5 ಮೀಟರ್ ಪಕ್ಕಕ್ಕೆ ಹಿಡಿಸಿ ಸ್ಲೋ ಮೋಷನ್ ವಿಡಿಯೊ ತೆಗೆಸಿದೆ. ಪಾದ ನೆಲ ಮುಟ್ಟುವ ಕ್ಷಣದಲ್ಲಿ ನಿಲ್ಲಿಸಿ ನೋಡಬೇಕು. ಕಣಕಾಲು, ಅಂದರೆ ಮಂಡಿಯಿಂದ ಪಾದದವರೆಗಿನ ಭಾಗ, ಹೆಚ್ಚುಕಡಿಮೆ ನೆಟ್ಟಗಿದ್ದರೆ ಸರಿ, ಪಾದ ಮುಂದೆ ಚಾಚಿದ್ದರೆ ಹೆಜ್ಜೆ ಉದ್ದವಾಗಿದೆ.

ಆಮೇಲೆ ಎಣಿಕೆ. 30 ಸೆಕೆಂಡಿನಲ್ಲಿ ಬಲಗಾಲು ಎಷ್ಟು ಸಲ ಬಿತ್ತೆಂದು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಹೆಜ್ಜೆ ಸಿಗುತ್ತದೆ. 160 ಇದ್ದರೆ ಶೇ 5 ಸೇರಿಸಿ 168ಕ್ಕೆ ಮೆಟ್ರೋನೋಮ್ (ಟಿಕ್ ಟಿಕ್ ಎಂದು ತಾಳ ಹಾಕುವ) ಆ್ಯಪ್ ಇಡಬೇಕು. ಕಿಲೋಮೀಟರಿಗೆ 6 ನಿಮಿಷದ ವೇಗದಲ್ಲಿ ಹೆಜ್ಜೆಯ ಉದ್ದ 104 ಸೆಂ.ಮೀ.ನಿಂದ 99ಕ್ಕೆ ಇಳಿಯುತ್ತದೆ. ಬರೀ ಐದು ಸೆಂಟಿಮೀಟರ್, ಆದರೆ ಪಾದ ತಾನಾಗಿ ಮೈ ಕೆಳಗೆ ಬರುತ್ತದೆ. ವೇಗ ಬದಲಿಸದೆ ಹೆಜ್ಜೆಯ ಸಂಖ್ಯೆಯನ್ನು ಶೇ 5ರಿಂದ 10ರಷ್ಟು ಏರಿಸಿದಾಗ ಮಂಡಿಯ ಹೊರೆ ತಗ್ಗುವುದನ್ನು 2011ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು ಅಳೆದು ತೋರಿಸಿದ್ದಾರೆ.

ಎಡವುವುದೂ ಇಲ್ಲಿಯೇ. ಹೆಜ್ಜೆ ಚುರುಕಾದ ಕೂಡಲೇ ವೇಗವೂ ಏರಿ ಏದುಸಿರು ಬರುತ್ತದೆ. ಹಾಗಾಗಿ ವಾಚಿನ ಮೇಲೆ ಕಣ್ಣಿಟ್ಟು, ಒಂದು ನಿಮಿಷ ಮೆಟ್ರೋನೋಮ್‌ಗೆ, ಎರಡು ನಿಮಿಷ ಮಾಮೂಲಿ ಓಟ, ಹೀಗೆ ಆರು ಸಲ, ವಾರಕ್ಕೆ ಎರಡು ದಿನ ಮಾತ್ರ ಮಾಡಿದೆ. ಎಲ್ಲರೂ ನಿಮಿಷಕ್ಕೆ 180 ಹೆಜ್ಜೆಗೇ ಬರಬೇಕೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದು 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಓಟದ ತರಬೇತುದಾರ ಜ್ಯಾಕ್ ಡೇನಿಯಲ್ಸ್ ಎಣಿಸಿದ ಲೆಕ್ಕ, ಸ್ಪರ್ಧೆಯ ವೇಗದ್ದು. ಉದ್ದ ಕಾಲಿನವರಿಗೆ, ನಿಧಾನ ಓಟಕ್ಕೆ ಅದಕ್ಕಿಂತ ಕಡಿಮೆಯೇ ಸಹಜ. ಬೇಕೆಂದೇ ಮುಂಗಾಲಲ್ಲಿ ಓಡಿದರೆ ಮೀನಖಂಡ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹಿಡಿದುಕೊಳ್ಳುತ್ತವೆ. ಅದಕ್ಕೆ ಕೈ ಹಾಕಬೇಡಿ.

ಮುಂದಕ್ಕೆ ಬಾಗುವುದು ಕಣಕಾಲಿನ ಬುಡದಿಂದ ಆಗಬೇಕು, ಸೊಂಟ ಮಡಿಸಿದರೆ ಬೆನ್ನು ನೋಯುತ್ತದೆ. ಮುಷ್ಟಿ ಸಡಿಲ. ಕೈಗಳು ಎದೆಯ ನಡುಗೆರೆ ದಾಟಬಾರದು.

ನಿಜವಾದ ಪರೀಕ್ಷೆ ದೇವರಾಯನದುರ್ಗ ಬೆಟ್ಟದ ರಸ್ತೆ. ಏರುವಾಗ ಎಣಿಕೆ ಹಾಗೇ ಉಳಿಸಿ ಹೆಜ್ಜೆಯನ್ನಷ್ಟೇ ಗಿಡ್ಡ ಮಾಡುತ್ತೇನೆ. ಇಳಿಯುವಾಗ ಮೈ ತಾನಾಗಿ ಹಿಂದಕ್ಕೆ ವಾಲಿ ಕಾಲು ಚಾಚುತ್ತದೆ, ಮಾರನೇ ದಿನ ತೊಡೆಯ ಮುಂಭಾಗ ಕಲ್ಲಾಗಲು ಇದೂ ಒಂದು ಕಾರಣ. ಇಳಿಜಾರಿನಲ್ಲಿ ಎಣಿಕೆ ಇನ್ನೂ ಏರಿಸಿ, ಸಪ್ಪಳ ಕಡಿಮೆಯಾಗುವಂತೆ ಕಾಲಿಡುವುದು ಒಳ್ಳೆಯದು.

ದೂರದ ಓಟದ ಕೊನೆಯ ಕಿಲೋಮೀಟರಿನಲ್ಲಿ ಈಗಲೂ ಎಣಿಸುತ್ತೇನೆ. 168 ಇದ್ದದ್ದು 160ಕ್ಕೆ ಜಾರಿದ್ದರೆ ಮುಂದಿನ ವಾರ ದೂರ ಹೆಚ್ಚಿಸುವುದಿಲ್ಲ.